ಕಾಗದ ಕೇಳುವ ನಗರ

ಜೋಹಾನ್ಸ್‌ಬರ್ಗ್ ನದಿಯ ದಡದಲ್ಲಿ ಹುಟ್ಟಿದ ನಗರವಲ್ಲ, ಬಂದರಿನ ಆಸರೆಯಲ್ಲಿ ಬೆಳೆದದ್ದೂ ಅಲ್ಲ. 1886ರಲ್ಲಿ ಕಂಡ ಚಿನ್ನವೇ ಅದರ ಬುನಾದಿ. ಊರಿನ ದಕ್ಷಿಣಕ್ಕೆ ಗಣಿ ಉಗುಳಿದ ಹಳದಿ ಮಣ್ಣಿನ ದಿಬ್ಬಗಳು ಇಂದಿಗೂ ಉಳಿದಿವೆ. ಅವನ್ನು ಕಂಡೊಡನೆ ನಮಗೆ ಕೋಲಾರ ಚಿನ್ನದ ಗಣಿಯ ಸೈನೈಡ್ ದಿಬ್ಬಗಳ ನೆನಪಾಯಿತು. ಹೋಲಿಕೆ ಮಣ್ಣಿನಲ್ಲಿ ಮಾತ್ರವೆಂದು ಬೆಳಿಗ್ಗೆ ಭಾವಿಸಿದ್ದೆವು. ಸಂಜೆಯ ಹೊತ್ತಿಗೆ ಹಾಗೆನ್ನಿಸಲಿಲ್ಲ.

2024ರ ಆ ದಿನ ನಾವು ಮೊದಲು ಹೋದದ್ದು ಹಮೀದಿಯಾ ಮಸೀದಿಗೆ. ಟ್ರಾನ್ಸ್‌ವಾಲ್ ಸರ್ಕಾರ ಏಷ್ಯಾದವರೆಲ್ಲ ಬೆರಳಚ್ಚು ಕೊಟ್ಟು ನೋಂದಣಿಪತ್ರ ಪಡೆಯಬೇಕೆಂದು ಕಾನೂನು ಮಾಡಿತ್ತು. 1908ರ ಆಗಸ್ಟ್ 16ರಂದು ಗಾಂಧೀಜಿಯವರ ನೇತೃತ್ವದಲ್ಲಿ ಭಾರತೀಯರು ಈ ಮಸೀದಿಯ ಅಂಗಳದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪತ್ರಗಳನ್ನು ಮೂರು ಕಾಲಿನ ಕಡಾಯಿಯಲ್ಲಿ ಸುಟ್ಟರು. ಆ ಕಡಾಯಿಯ ನೆನಪಿಗೆ ಅಲ್ಲೊಂದು ಸ್ಮಾರಕವಿದೆ. ಅದರ ಮುಂದೆ ನಿಂತ ಭಾರತೀಯನ ಎದೆ ಉಬ್ಬದಿರಲಾರದು. ನಮ್ಮದೂ ಉಬ್ಬಿತು.

ಅಲ್ಲಿಂದ ನಡೆದದ್ದು ಕಾನ್‌ಸ್ಟಿಟ್ಯೂಷನ್ ಹಿಲ್‌ಗೆ, ಅಂದರೆ ಸಂವಿಧಾನದ ಗುಡ್ಡಕ್ಕೆ. ಹಿಂದೆ ಇದು ಸೆರೆಮನೆ. ಹಳೆಯ ಕೋಟೆಯ ಭಾಗ ಬಿಳಿಯರಿಗೆ; 'ನಂಬರ್ ಫೋರ್' ಎಂಬ ಭಾಗ ಕರಿಯರಿಗೆ. ಯಾವ ಜನಾಂಗದ ಕೈದಿಗೆ ಎಷ್ಟು, ಎಂಥ ಊಟ ಎಂಬುದಕ್ಕೂ ಪಟ್ಟಿಯಿತ್ತು. ಗಾಂಧೀಜಿ ಇಲ್ಲಿ ಬಂಧಿಯಾಗಿದ್ದರು. ಮುಂದೆ ಮಂಡೇಲಾ ಅವರೂ. ಆದರೆ ಈ ಕೋಣೆಗಳನ್ನು ತುಂಬಿದವರಲ್ಲಿ ಬಹಳ ಮಂದಿ ನಾಯಕರಲ್ಲ. ಕೇಳಿದಾಗ ಜೇಬಿನಲ್ಲಿ ಪಾಸ್ ಇಲ್ಲದೆ ಸಿಕ್ಕಿಬಿದ್ದ ಕೂಲಿಗಳು, ಮನೆಗೆಲಸದವರು.

ಇಲ್ಲಿ ನಮ್ಮ ಬೆಳಗಿನ ಹೆಮ್ಮೆ ಸ್ವಲ್ಪ ತಗ್ಗಿತು. 1908ರಲ್ಲಿ ಗಾಂಧೀಜಿ ಬರೆದ ಸೆರೆಮನೆಯ ಅನುಭವಗಳಲ್ಲಿ, ಭಾರತೀಯರನ್ನು ಆಫ್ರಿಕನ್ನರ ಸಾಲಿಗೆ ಸೇರಿಸಿದರಲ್ಲಾ ಎಂಬ ಬೇಸರವಿದೆ. ಕಡಾಯಿಯಲ್ಲಿ ಸುಟ್ಟದ್ದು ನಮ್ಮವರ ಪತ್ರಗಳನ್ನು ಮಾತ್ರ. ಆಫ್ರಿಕನ್ನರ ಪಾಸ್ ಉಳಿಯಿತು, ಬಿಗಿಯಾಯಿತು. ಆ ಕಾನೂನು ರದ್ದಾದದ್ದು 1986ರಲ್ಲಿ. ಗಾಂಧೀಜಿ ಮುಂದೆ ಬೆಳೆದರು, ಬದಲಾದರು ಎಂಬುದು ದಿಟ. ಆದರೂ ಇತಿಹಾಸವನ್ನು ಓದುವಾಗ ನಮ್ಮವರ ಪುಟವನ್ನಷ್ಟೇ ಓದಿ ಮುಚ್ಚಿಡುವುದು ನ್ಯಾಯವಲ್ಲ.

ವಿಚಾರಣಾಧೀನ ಕೈದಿಗಳ ಕಟ್ಟಡವನ್ನು ಕೆಡವಿ, ಅದೇ ಇಟ್ಟಿಗೆಗಳನ್ನು ಬಳಸಿ ಇಲ್ಲಿ ಸಂವಿಧಾನ ನ್ಯಾಯಾಲಯವನ್ನು ಕಟ್ಟಿದ್ದಾರೆ. ಹಳೆಯ ಕಟ್ಟಡದ ಮೆಟ್ಟಿಲ ಗೋಪುರಗಳನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದಾರೆ. 2004ರಲ್ಲಿ ತೆರೆದ ಈ ನ್ಯಾಯಾಲಯದ ಹೆಸರನ್ನು ದ್ವಾರದಲ್ಲಿ 11 ಭಾಷೆಗಳಲ್ಲಿ ಬರೆದಿದೆ. ಖಾಸಗಿ ಮಾಲೀಕರು ಒಕ್ಕಲೆಬ್ಬಿಸಿದರೂ ನೆಲೆ ತಪ್ಪುವ ಬಡವರಿಗೆ ತಾತ್ಕಾಲಿಕ ವಸತಿ ಒದಗಿಸುವುದು ನಗರಾಡಳಿತದ ಹೊಣೆ ಎಂದು 2011ರಲ್ಲಿ ತೀರ್ಪಿತ್ತದ್ದೂ ಇದೇ ನ್ಯಾಯಾಲಯ.

ಆ ತೀರ್ಪಿಗೂ ಬೀದಿಗೂ ಇರುವ ದೂರವನ್ನು ಕಂಡದ್ದು ಮಧ್ಯಾಹ್ನ. ಗುಡ್ಡದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಆಲ್ಬರ್ಟ್ ಬೀದಿಯ 80ನೆಯ ಸಂಖ್ಯೆಯ ಕಟ್ಟಡವಿದೆ. ವರ್ಣಭೇದದ ಕಾಲದಲ್ಲಿ ಇದು ಪಾಸ್ ಕಚೇರಿ. ನಗರದಲ್ಲಿ ದುಡಿಯಲು ಬಂದ ಕರಿಯರು ಇಲ್ಲಿ ಸರದಿಯಲ್ಲಿ ನಿಂತು ಕಾಗದದ ಮೇಲೆ ಮುದ್ರೆ ಒತ್ತಿಸಿಕೊಳ್ಳಬೇಕಿತ್ತು. ಮುಂದೆ ಅದು ಹೆಂಗಸರು ಮಕ್ಕಳ ಆಶ್ರಯಧಾಮವಾಯಿತು. ಬಳಿಕ ಒಡೆತನ ನಗರಾಡಳಿತದ್ದೇ ಆಗಿದ್ದರೂ ಕೇಳುವವರಿಲ್ಲದೆ ಹೋಯಿತು. ಬೇರೆಲ್ಲೂ ಮನೆ ಸಿಗದವರು ರಟ್ಟು, ಹಲಗೆಗಳಿಂದ ಗೂಡು ಕಟ್ಟಿಕೊಂಡು ಒಳಗೆ ತುಂಬಿಕೊಂಡರು. 2023ರ ಆಗಸ್ಟ್ 31ರ ನಸುಕಿನಲ್ಲಿ ಅಲ್ಲಿ ಬೆಂಕಿ ಹತ್ತಿ 70ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಮಲಾವಿ, ಟಾಂಜಾನಿಯಾ, ಜಿಂಬಾಬ್ವೆಗಳಿಂದ ದುಡಿಯಲು ಬಂದವರೂ ಇದ್ದರು.

ನಾವು ನೋಡಿದಾಗ ಕಿಟಕಿಗಳ ಮೇಲಿನ ಮಸಿ ಹಾಗೆಯೇ ಇತ್ತು. ದುರಂತದ ನಂತರ ಹಲವರು ಕೇಳಿದ ಮೊದಲ ಪ್ರಶ್ನೆ, ಒಳಗಿದ್ದವರ ಬಳಿ ಕಾಗದಪತ್ರ ಸರಿಯಾಗಿತ್ತೇ ಎಂಬುದು. ಪಾಸ್ ಕಚೇರಿ ಮುಚ್ಚಿದೆ, ಪ್ರಶ್ನೆ ಮುಚ್ಚಿಲ್ಲ. ಕೇಳುವ ಬಾಯಿ ಮಾತ್ರ ಬದಲಾಗಿದೆ. ನೆನ್ನೆ ಪಾಸ್ ತೋರಿಸಬೇಕಾದವರ ಮಕ್ಕಳು ಇಂದು ನೆರೆನಾಡಿನವರ ಪಾಸ್ ಕೇಳುತ್ತಿದ್ದಾರೆ.

ಇದನ್ನು ಆಫ್ರಿಕದ ಕಥೆಯೆಂದು ಕೈತೊಳೆದುಕೊಳ್ಳಲು ನಮಗೆ ಆಗಲಿಲ್ಲ. 1930ರಲ್ಲಿ ಕೋಲಾರದ ಗಣಿ ಕಾರ್ಮಿಕರು ಮುಷ್ಕರ ಹೂಡಿದ್ದೂ ಬೆರಳಚ್ಚಿನ ನೋಂದಣಿಯ ವಿರುದ್ಧವೇ. ಹೊರನಾಡಿನಲ್ಲಿ ಬದುಕು ಕಟ್ಟಿಕೊಂಡ ನಾವು ಕೂಡ ರೇಷನ್ ಕಾರ್ಡಿಗೆ, ಬಾಡಿಗೆ ಮನೆಗೆ 'ನೀವು ಎಲ್ಲಿಯವರು' ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರೇ. ಈಗ ಹಳಬರಾಗಿದ್ದೇವೆ. ನಮ್ಮ ಬೀದಿಗೆ ಹೊಸದಾಗಿ ಬಂದ ಕೂಲಿಯನ್ನು ನಾವು ಮೊದಲು ಕೇಳುವುದು ಏನನ್ನು? ಊಟವಾಯಿತೇ ಎಂದೋ, ಕಾಗದವಿದೆಯೇ ಎಂದೋ?