ಸುಗಮ ಸಂಗೀತ (ಕನ್ನಡ)

ಕನ್ನಡದ ಭಾವಗೀತೆಗಳಿಗೆ ರಾಗ ಸಂಯೋಜಿಸಿ ಹಾಡುವ ಗಾಯನ ಪ್ರಕಾರ. ನವೋದಯ ಕಾವ್ಯವನ್ನು ತರಗತಿ, ವಿಮರ್ಶೆಗಳ ಆಚೆಗೆ ಒಯ್ದು ಜನಸಾಮಾನ್ಯರ ನಾಲಿಗೆಗೆ ತಂದದ್ದು ಇದರ ಹಿರಿಮೆ.

ಬೆಳವಣಿಗೆ: ಪಿ. ಕಾಳಿಂಗರಾವ್ (1914–1981) ವೇದಿಕೆಗಳಲ್ಲಿ ಕವಿತೆಗಳನ್ನೂ ಜನಪದ ಗೀತೆಗಳನ್ನೂ ಹಾಡಿ ದಾರಿ ತೆರೆದರು. ಆಕಾಶವಾಣಿ ಈ ಗಾಯನವನ್ನು ಮನೆಮನೆಗೆ ಮುಟ್ಟಿಸಿತು. ಮೈಸೂರು ಅನಂತಸ್ವಾಮಿ ರಾಗ ಸಂಯೋಜಿಸಿದ, ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳ 'ನಿತ್ಯೋತ್ಸವ' (1978) ಧ್ವನಿಸುರುಳಿ ಅಪಾರ ಜನಪ್ರಿಯತೆ ಗಳಿಸಿತು. ಸಿ. ಅಶ್ವಥ್ ಶಿಶುನಾಳ ಶರೀಫರ ತತ್ವಪದಗಳನ್ನು ಹೊಸ ತಲೆಮಾರಿಗೆ ತಲುಪಿಸಿದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನಡೆಸಿದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಭಾರಿ ಜನಸಾಗರ ಸೇರಿತ್ತು.

ಚಲನಚಿತ್ರ: ಕುವೆಂಪು ಅವರ 'ದೋಣಿ ಹಾಡು' 'ಮಿಸ್ ಲೀಲಾವತಿ'ಯಲ್ಲೂ (1965), ಬೇಂದ್ರೆಯವರ 'ಬೆಳಗು' ಪುಟ್ಟಣ್ಣ ಕಣಗಾಲರ 'ಬೆಳ್ಳಿಮೋಡ'ದಲ್ಲೂ (1967) ಬಳಕೆಯಾದವು. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ' (1942) ಸಂಕಲನವನ್ನು ಆಧರಿಸಿ ಟಿ.ಎಸ್. ನಾಗಾಭರಣ ಅದೇ ಹೆಸರಿನ ಚಿತ್ರ ನಿರ್ದೇಶಿಸಿದರು. ಅದರ ಗೀತರಚನೆಗೆ ಕವಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು.

ಚರ್ಚೆ: ರಾಗ ಮುಂದಾದರೆ ಅರ್ಥದ ಸೂಕ್ಷ್ಮಗಳು ಹಿಂದೆ ಸರಿಯುತ್ತವೆ, ಹಾಡಲು ಒಗ್ಗದ ಗಂಭೀರ ಕವಿತೆಗಳು ಮರೆಯಾಗುತ್ತವೆ ಎಂಬ ಆಕ್ಷೇಪವಿದೆ. ನವ್ಯ ಕವಿಗಳ ಮುಕ್ತಛಂದ ಈ ಪ್ರಕಾರಕ್ಕೆ ಸುಲಭವಾಗಿ ಒಗ್ಗಲಿಲ್ಲ. ಆದರೂ ಪುಸ್ತಕ ಕೊಳ್ಳದವರಿಗೂ, ಓದು ಬಾರದವರಿಗೂ ಶ್ರೇಷ್ಠ ಕಾವ್ಯ ಕಂಠಸ್ಥವಾಗಿರುವುದು ಈ ಪ್ರಕಾರದ ಕೊಡುಗೆ. ಈ ಪ್ರಕಾರಕ್ಕೆ ಸರ್ಕಾರದ ಮನ್ನಣೆಯೂ ದೊರೆತಿದೆ: ಕುವೆಂಪು ರಚಿಸಿದ ನಾಡಗೀತೆಗೆ ಅನಂತಸ್ವಾಮಿಯವರ ಧಾಟಿಯನ್ನು ಕರ್ನಾಟಕ ಸರ್ಕಾರ 2022ರಲ್ಲಿ ಅಧಿಕೃತಗೊಳಿಸಿತು.