ಡಬ್ಬಗಳಲ್ಲಿ ಉಳಿದ ಸಿನಿಮಾ: ‘ರೂಲ್ಸ್ ಆಫ್ ದಿ ಗೇಮ್’ ಚಿತ್ರದ ವಿಮರ್ಶಾ ಚರಿತ್ರೆ

ಪೀಠಿಕೆ

ಲಂಡನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಲ್ಲಿ ವಿಮರ್ಶಕರ ಮತ ಸಂಗ್ರಹಿಸಿ ಜಗತ್ತಿನ ಶ್ರೇಷ್ಠ ಚಿತ್ರಗಳ ಮೊದಲ ಪಟ್ಟಿಯನ್ನು ಪ್ರಕಟಿಸಿತು. ವಿಟ್ಟೋರಿಯೊ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ 25 ಮತ ಪಡೆದು ಮೊದಲ ಸ್ಥಾನಕ್ಕೆ ಬಂತು. ಫ್ರಾನ್ಸಿನ ಜಾನ್ ರೆನ್ವಾರ್ 1939ರಲ್ಲಿ ನಿರ್ದೇಶಿಸಿದ ‘ರೂಲ್ಸ್ ಆಫ್ ದಿ ಗೇಮ್’ಗೆ ಬಿದ್ದದ್ದು 10 ಮತ. ಇನ್ನೆರಡು ಚಿತ್ರಗಳೊಂದಿಗೆ ಹತ್ತನೆಯ ಸ್ಥಾನ ಹಂಚಿಕೊಂಡು ಅದು ಪಟ್ಟಿಯ ಅಂಚಿನಲ್ಲಿ ಉಳಿಯಿತು. ಹತ್ತು ವರ್ಷಕ್ಕೊಮ್ಮೆ ಬರುವ ಈ ಪಟ್ಟಿಯಲ್ಲಿ 1962ರ ಹೊತ್ತಿಗೆ ಅದೇ ಚಿತ್ರ ಮೂರನೆಯದಾಗಿತ್ತು. 1972, 1982, 1992ರಲ್ಲಿ ಮೂರು ಸಲವೂ ‘ಸಿಟಿಜನ್ ಕೇನ್’ ನಂತರದ ಎರಡನೆಯ ಸ್ಥಾನ ಅದರದೇ.

ಕಾಲಕ್ಕಿಂತ ಮುಂದಿದ್ದ ಕೃತಿಯನ್ನು ಲೋಕ ತಡವಾಗಿ ಗುರುತಿಸಿತು ಎಂದು ಈ ಏರಿಕೆಯನ್ನು ವಿವರಿಸುವುದು ರೂಢಿ. ಅದರಲ್ಲಿ ಸತ್ಯವಿದೆ, ಆದರೆ ಅರ್ಧ ಸತ್ಯ. 1952ರಲ್ಲಿ ಮತ ಹಾಕಿದವರಿಗೂ ಆಮೇಲೆ ಮತ ಹಾಕಿದವರಿಗೂ ನೋಡಲು ಸಿಕ್ಕಿದ್ದು ಒಂದೇ ಚಿತ್ರವಲ್ಲ. ವಿಮರ್ಶೆಯ ಚರಿತ್ರೆಯನ್ನು ಬರಹಗಳಿಂದಷ್ಟೇ ಕಟ್ಟಲಾಗದು, ಪ್ರಿಂಟುಗಳ ಚರಿತ್ರೆಯನ್ನೂ ಅದರ ಪಕ್ಕದಲ್ಲಿಟ್ಟು ಓದಬೇಕು ಎಂಬುದು ಈ ಲೇಖನದ ವಾದ.

1939ರ ಜುಲೈ

1938ರ ಸೆಪ್ಟೆಂಬರಿನ ಮ್ಯೂನಿಕ್ ಒಪ್ಪಂದದಿಂದ ಯುದ್ಧ ತಪ್ಪಿತೆಂದು ಫ್ರಾನ್ಸ್ ನಿಟ್ಟುಸಿರು ಬಿಟ್ಟಿದ್ದ ಹೊತ್ತಿನಲ್ಲಿ ಈ ಚಿತ್ರ ತಯಾರಾಯಿತು. ರೆನ್ವಾರ್ ತಾವೇ ಸ್ಥಾಪಿಸಿದ ಸಂಸ್ಥೆಯಿಂದ, ಸೊಲೋನ್ ಪ್ರದೇಶದ ಒಂದು ಹಳೆಯ ಬಂಗಲೆಯಲ್ಲೂ ಪ್ಯಾರಿಸ್ಸಿನ ಸ್ಟುಡಿಯೋದಲ್ಲೂ ಚಿತ್ರೀಕರಿಸಿದರು. ಕಥೆ ಸರಳವಾಗಿಯೇ ಕಾಣುತ್ತದೆ. ಶ್ರೀಮಂತ ಮಾರ್ಕ್ವಿಸ್ ಒಬ್ಬನ ಹಳ್ಳಿಮನೆಗೆ ಬೇಟೆಗೆಂದು ಅತಿಥಿಗಳು ಬರುತ್ತಾರೆ. ಒಡೆಯರ ಪ್ರಣಯವ್ಯವಹಾರಗಳೂ ಆಳುಗಳ ಪ್ರಣಯವ್ಯವಹಾರಗಳೂ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಅಟ್ಲಾಂಟಿಕ್ ದಾಟಿ ಬಂದ ವಿಮಾನವೀರ ಜ್ಯೂರಿಯೋ, ಬೇರೆ ಯಾರಿಗೋ ಇಟ್ಟ ಗುರಿಗೆ ಬಲಿಯಾಗಿ ಸಾಯುತ್ತಾನೆ. ಅದೊಂದು ಅಪಘಾತವೆಂದು ಮಾರ್ಕ್ವಿಸ್ ಸೌಜನ್ಯದಿಂದ ಘೋಷಿಸಿ ಅತಿಥಿಗಳನ್ನು ಒಳಗೆ ಕರೆಯುತ್ತಾನೆ. ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಆಟದ ನಿಯಮ ಅದೇ.

ಜುಲೈ 7ರಂದು ಪ್ಯಾರಿಸ್ಸಿನಲ್ಲಿ ಬಿಡುಗಡೆಯಾದಾಗ ಪ್ರೇಕ್ಷಕರು ಕೂಗಾಡಿದರು. ಒಬ್ಬ ಪತ್ರಿಕೆಗೆ ಬೆಂಕಿ ಹಚ್ಚಿ ಚಿತ್ರಮಂದಿರವನ್ನೇ ಸುಡಲು ಹೊರಟಿದ್ದನ್ನು ರೆನ್ವಾರ್ ಆಮೇಲೆ ನೆನಪಿಸಿಕೊಂಡಿದ್ದಾರೆ. ಮಾರ್ಕ್ವಿಸ್ ಪಾತ್ರ ಮಾಡಿದ ಮಾರ್ಸೆಲ್ ದಾಲಿಯೋ ಯಹೂದಿ, ನಾಯಕಿ ನೋರಾ ಗ್ರೆಗರ್ ಆಸ್ಟ್ರಿಯಾದವರು. ಬಲಪಂಥೀಯರಿಗೆ ಅದೂ ಕಣ್ಣುರಿ. ವಿತರಣೆಯ ಒತ್ತಡಕ್ಕೆ ಮಣಿದ ರೆನ್ವಾರ್ ಕತ್ತರಿ ಹಿಡಿದರು. ಚಿತ್ರ ಕುಗ್ಗುತ್ತ ಕುಗ್ಗುತ್ತ ಸುಮಾರು 85 ನಿಮಿಷಕ್ಕೆ ಇಳಿಯಿತು. ಅವರು ಮೊದಲು ಕೈಹಾಕಿದ್ದು ತಾವೇ ಅಭಿನಯಿಸಿದ್ದ ಆಕ್ಟೇವ್ ಪಾತ್ರದ ದೃಶ್ಯಗಳಿಗೆ. ಯುದ್ಧ ಆರಂಭವಾದ ಮೇಲೆ, ಜನರ ಸ್ಥೈರ್ಯ ಕುಂದಿಸುತ್ತದೆಂಬ ಕಾರಣಕ್ಕೆ ಸರ್ಕಾರ ಚಿತ್ರವನ್ನು ನಿಷೇಧಿಸಿತು. ಮಿತ್ರಪಕ್ಷಗಳ ವೈಮಾನಿಕ ದಾಳಿಯಲ್ಲಿ ಮೂಲ ನೆಗೆಟಿವ್ ನಾಶವಾಯಿತು.

ಮೊಲದ ಬಾಲ

ಕತ್ತರಿಸಿದ ರೂಪದಲ್ಲೂ ಚಿತ್ರಕ್ಕೆ ಆರಾಧಕರಿದ್ದರು. ಕಾರಣ ತಿಳಿಯಲು ಬೇಟೆಯ ದೃಶ್ಯವೊಂದನ್ನು ನೋಡಿದರೆ ಸಾಕು. ಬಿಳಿ ಅಂಗಿ ತೊಟ್ಟ ಸೋವುಗಾರರು ಸಾಲಾಗಿ ನಿಂತು, ಕೋಲಿನಿಂದ ಮರದ ಬೊಡ್ಡೆಗಳನ್ನು ಬಡಿಯುತ್ತ ಪೊದೆಗಳಿಂದ ಪ್ರಾಣಿಗಳನ್ನು ಎಬ್ಬಿಸುತ್ತಾರೆ. ಚಿತ್ರದ ಉಳಿದ ಭಾಗದಲ್ಲಿ ನಿಧಾನವಾಗಿ ಹರಿಯುವ ಕ್ಯಾಮೆರಾ ಇಲ್ಲಿ ಒಮ್ಮೆಲೇ ಲಯ ಬದಲಿಸುತ್ತದೆ: ಚಿಕ್ಕ ಚಿಕ್ಕ ಶಾಟುಗಳು, ಗುಂಡಿನ ಸದ್ದು, ಆಕಾಶದಿಂದ ಉದುರುವ ಹಕ್ಕಿಗಳು, ಓಡುತ್ತಲೇ ಮಗುಚಿ ಬೀಳುವ ಮೊಲಗಳು. ಕೊನೆಗೆ ಒಂದು ಮೊಲ ಕಾಲು ಚಾಚಿ, ಬಾಲವನ್ನು ನಿಧಾನವಾಗಿ ಮಡಚಿಕೊಂಡು ನಿಶ್ಚಲವಾಗುತ್ತದೆ. ಬಂದೂಕು ಹಿಡಿದವರು ಆಗಲೂ ಯಾರ ಗುಂಡಿಗೆ ಯಾವ ಹಕ್ಕಿ ಬಿತ್ತೆಂದು ಚರ್ಚಿಸುತ್ತಿರುತ್ತಾರೆ. ಜ್ಯೂರಿಯೋ ಸತ್ತಾಗ ಅವನು ಉರುಳಿದ ರೀತಿಯನ್ನು ಬೇಟೆಯ ಪ್ರಾಣಿಗೆ ಹೋಲಿಸುವ ಮಾತು ಬರುತ್ತದೆ. ಆ ಕ್ಷಣದಲ್ಲಿ ಇಡೀ ಸಮಾಜದ ಲೆಕ್ಕ ಚುಕ್ತಾ ಆಗುತ್ತದೆ.

ಈ ಚಿತ್ರವನ್ನು ಗಂಭೀರವಾಗಿ ಓದಿದವರಲ್ಲಿ ಮುಖ್ಯರು ಆಂದ್ರೆ ಬಜಾನ್. 1951ರಲ್ಲಿ ಆರಂಭವಾದ ‘ಕಾಯೆ ದ್ಯು ಸಿನೆಮಾ’ ಪತ್ರಿಕೆಯ ಸ್ಥಾಪಕರಲ್ಲಿ ಒಬ್ಬರಾದ ಅವರು, ರೆನ್ವಾರ್ ದೃಶ್ಯದ ಆಳವನ್ನು ಬಳಸುವ ಬಗೆಯನ್ನು ಎತ್ತಿ ತೋರಿಸಿದರು. ರಾತ್ರಿ ಅತಿಥಿಗಳು ಮಲಗಲು ಹೊರಡುವ ಮೊಗಸಾಲೆಯ ದೃಶ್ಯದಲ್ಲಿ ಮುಂದೆ ಒಬ್ಬರು ಮಾತಾಡುತ್ತಿದ್ದರೆ, ಹಿಂದೆ ಇನ್ನೊಬ್ಬರು ಬಾಗಿಲು ತೆರೆಯುತ್ತಾರೆ, ಮತ್ತೂ ಹಿಂದೆ ಯಾರೋ ತುಂಟಾಟ ಆಡುತ್ತಿರುತ್ತಾರೆ. ಏನನ್ನು ನೋಡಬೇಕೆಂಬ ಆಯ್ಕೆ ಪ್ರೇಕ್ಷಕನದು. ಚಿತ್ರ ಯಾರನ್ನೂ ಖಳನೆಂದು ಬೊಟ್ಟು ಮಾಡದಿರುವುದಕ್ಕೂ ಈ ಶೈಲಿಗೂ ನೇರ ಸಂಬಂಧವಿದೆ.

224 ಡಬ್ಬಗಳು

1950ರ ದಶಕದ ಕೊನೆಯಲ್ಲಿ ಜಾನ್ ಗ್ಯಾಬೊರಿ ಮತ್ತು ಜಾಕ್ ಮಾರೆಷಾಲ್ ಎಂಬ ಸಿನಿಮಾಪ್ರೇಮಿಗಳು ಅಳಿದುಳಿದದ್ದನ್ನು ಹುಡುಕಲು ಹೊರಟರು. ಬಾಂಬು ಬಿದ್ದ ಲ್ಯಾಬಿನ ಸರಕಿನಲ್ಲಿ ಅವರಿಗೆ ಸಿಕ್ಕಿದ್ದು 224 ಡಬ್ಬಗಳು: ನೆಗೆಟಿವ್ ತುಂಡುಗಳು, ನಕಲು ಪ್ರಿಂಟುಗಳು, ಧ್ವನಿಯ ಸುರುಳಿಗಳು. ರೆನ್ವಾರ್ ಸಲಹೆ ಪಡೆಯುತ್ತ ಅವನ್ನು ಜೋಡಿಸಿದರು. ಒಂದು ಚಿಕ್ಕ ದೃಶ್ಯ ಬಿಟ್ಟರೆ ಬಹುತೇಕ ಪೂರ್ಣಗೊಂಡ 106 ನಿಮಿಷಗಳ ಚಿತ್ರ 1959ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಮೊಟಕುಗೊಂಡ ಪ್ರಿಂಟಿನಿಂದಲೇ ಚಿತ್ರದ ಹಿರಿಮೆಯನ್ನು ಕಂಡುಹಿಡಿದಿದ್ದ ಬಜಾನ್ 1958ರ ನವೆಂಬರಿನಲ್ಲೇ ತೀರಿಕೊಂಡಿದ್ದರು. ಮರುಜೀವ ಪಡೆದ ಚಿತ್ರವನ್ನು ಅವರ ನೆನಪಿಗೇ ಅರ್ಪಿಸಲಾಯಿತು.

ಹಿಂತಿರುಗಿದ್ದು ನಿಮಿಷಗಳು ಮಾತ್ರವಲ್ಲ. ಆಕ್ಟೇವ್ ಹಿಂತಿರುಗಿದ. ಸಂಗೀತಗಾರನಾಗಬೇಕೆಂದಿದ್ದು ಆಗಲಾರದೆ ಹೋದವನು, ಎಲ್ಲರ ಗೆಳೆಯ, ಯಾರ ಮನೆಗೂ ಸೇರದವನು. ಮೊಟಕು ರೂಪದಲ್ಲಿ ಅವನು ಕಥೆಗೆ ಬೇಕಾದ ವಿದೂಷಕ. ಪೂರ್ಣ ರೂಪದಲ್ಲಿ ಅವನ ಸೋಲು ಚಿತ್ರದ ಅಂತಃಕರಣವಾಗುತ್ತದೆ. ತನ್ನ ಬದಲು ಜ್ಯೂರಿಯೋನನ್ನು ಸಾವಿನ ಕಡೆಗೆ ಕಳಿಸಿದವನು ತಾನೇ ಎಂಬ ಭಾರ ಆಗ ಅವನ ಹೆಗಲಿಗೆ ಸರಿಯಾಗಿ ಬೀಳುತ್ತದೆ. 1962ರಲ್ಲಿ ಮೊದಲ ಸ್ಥಾನದ ‘ಸಿಟಿಜನ್ ಕೇನ್’ 22 ಮತ ಪಡೆದರೆ ‘ರೂಲ್ಸ್ ಆಫ್ ದಿ ಗೇಮ್’ 19 ಮತ ಪಡೆದದ್ದರ ಹಿಂದೆ ರೆನ್ವಾರ್ ಅವರನ್ನು ಮೆಚ್ಚಿದ ಫ್ರೆಂಚ್ ಹೊಸ ಅಲೆಯ ನಿರ್ದೇಶಕರ ಪ್ರಭಾವವೂ ಇತ್ತು, ನಿಜ. ಆದರೆ ಡಬ್ಬಗಳು ಸಿಗದಿದ್ದರೆ ಆ ಪ್ರಭಾವ ಊರಿ ನಿಲ್ಲಲು ನೆಲವೇ ಇರುತ್ತಿರಲಿಲ್ಲ.

ಇದೇ ಹಾದಿಯ ಬೇರೆ ಚಿತ್ರಗಳು

ಕಾರ್ಲ್ ಡ್ರೇಯರ್ ಅವರ ‘ದಿ ಪ್ಯಾಷನ್ ಆಫ್ ಜೋನ್ ಆಫ್ ಆರ್ಕ್’ (1928) ಚಿತ್ರದ ನೆಗೆಟಿವ್ ಬರ್ಲಿನ್ನಿನ ಬೆಂಕಿಗೆ ಆಹುತಿಯಾಯಿತು. 1952ರ ಪಟ್ಟಿಯಲ್ಲಿ ಅದಕ್ಕೆ ಮತ ಹಾಕಿದವರಿಗೆ ಪರಿಚಿತವಿದ್ದದ್ದು ಕೊರೆಬಿದ್ದ ರೂಪಗಳು. ಮೂಲ ರೂಪದ ಪ್ರಿಂಟ್ 1981ರಲ್ಲಿ ನಾರ್ವೆಯ ಓಸ್ಲೋ ಬಳಿಯ ಮಾನಸಿಕ ಆಸ್ಪತ್ರೆಯೊಂದರಲ್ಲಿ ಸಿಕ್ಕಿತು.

ಭಾರತದ ಕೊಂಡಿಯೂ ಇಲ್ಲಿದೆ. ‘ದಿ ರಿವರ್’ ಚಿತ್ರಕ್ಕಾಗಿ ರೆನ್ವಾರ್ ಬಂಗಾಳಕ್ಕೆ ಬಂದಾಗ ಸ್ಥಳಗಳನ್ನು ತೋರಿಸುತ್ತ ಜೊತೆಯಲ್ಲಿ ಓಡಾಡಿದ ತರುಣ ಸತ್ಯಜಿತ್ ರೇ. ಅವರ ‘ಪಥೇರ್ ಪಾಂಚಾಲಿ’ (1955) 1992ರ ಪಟ್ಟಿಯಲ್ಲಿ ಆರನೆಯ ಸ್ಥಾನ ಹಂಚಿಕೊಂಡಿತು. ಮರುವರ್ಷವೇ ಲಂಡನ್ನಿನ ಲ್ಯಾಬೊಂದರ ಬೆಂಕಿಯಲ್ಲಿ, ಆ ಚಿತ್ರವೂ ಸೇರಿದ ಅಪು ಚಿತ್ರತ್ರಯದ ನೆಗೆಟಿವ್‌ಗಳು ಸುಟ್ಟವು. ಕಮರಿದ ಸುರುಳಿಗಳಿಗೆ ಇಟಲಿಯ ಬೊಲೊನ್ಯಾದಲ್ಲಿ ಚಿಕಿತ್ಸೆ ನಡೆದು, 2015ರಲ್ಲಿ ಅವು ಹೊಸದಾಗಿ ತೆರೆಗೆ ಬಂದವು.

ಉಪಸಂಹಾರ

ಪ್ರಿಂಟ್ ಇದ್ದರೆ ಸಾಲದು ಎನ್ನುವುದಕ್ಕೂ ಇದೇ ಪಟ್ಟಿ ಸಾಕ್ಷಿ. 2022ರಲ್ಲಿ 1,639 ಮಂದಿ ಪಾಲ್ಗೊಂಡಾಗ ಶಾಂತಾಲ್ ಆಕರ್ಮನ್ ಅವರ ‘ಜಾನ್ ಡೀಲ್ಮನ್’ ಮೊದಲನೆಯದಾಯಿತು. ‘ರೂಲ್ಸ್ ಆಫ್ ದಿ ಗೇಮ್’ 13ಕ್ಕೆ ಇಳಿಯಿತು. ಈ ಸಲ ರೆನ್ವಾರ್ ಚಿತ್ರ ಬದಲಾಗಿರಲಿಲ್ಲ, ಮತ ಹಾಕುವವರ ಬಳಗ ಹಿಗ್ಗಿತ್ತು. ಹಾಗಿದ್ದರೂ ಆ ಇಳಿಕೆಯನ್ನು ನಾವು ಚರ್ಚಿಸಬಹುದು, ಒಪ್ಪಬಹುದು, ವಿರೋಧಿಸಬಹುದು. ಚಿತ್ರ ಕಣ್ಣೆದುರಿಗಿದೆ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಬಗ್ಗೆ ಆ ಚರ್ಚೆ ಸಾಧ್ಯವಿಲ್ಲ. ಅದರ ಪ್ರಿಂಟ್ ಉಳಿದಿಲ್ಲ. ಅದು ಒಳ್ಳೆಯ ಚಿತ್ರವೋ ಸಾಧಾರಣವೋ ಹೇಳಲು ಯಾವ ವಿಮರ್ಶಕನಿಗೂ ಈಗ ಅಧಿಕಾರವಿಲ್ಲ. ಗಿರೀಶ್ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) ಪುನರುಜ್ಜೀವನಗೊಂಡು 2024ರಲ್ಲಿ ಪ್ರದರ್ಶನ ಕಂಡಿತು. ಅಲ್ಲಿ ಕೇಶಮುಂಡನಗೊಂಡ ನಾಯಕಿ ಯಮುನೆಯ ಮುಖವನ್ನು ಹೊಸ ತಲೆಮಾರು ಮಸುಕಿಲ್ಲದೆ ನೋಡುವಂತಾಯಿತು. ಆ ಪ್ರದರ್ಶನ ನಡೆದದ್ದು ವೆನಿಸ್‌ನಲ್ಲಿ, 65 ವರ್ಷಗಳ ಹಿಂದೆ ಆಕ್ಟೇವ್ ಹಿಂತಿರುಗಿದ ಅದೇ ಚಿತ್ರೋತ್ಸವದಲ್ಲಿ. ನಮ್ಮ ಗೋದಾಮುಗಳಲ್ಲಿ ತುಕ್ಕು ಹಿಡಿಯುತ್ತಿರುವ ಡಬ್ಬಗಳನ್ನು ತೆರೆದು, ಹೆಸರು ಬರೆದು, ತಂಪಾದ ಜಾಗದಲ್ಲಿ ಕಾಪಿಡುವ ಕೆಲಸವನ್ನೂ ಕನ್ನಡ ಚಿತ್ರವಿಮರ್ಶೆ ತನ್ನದೆಂದೇ ಎಣಿಸಬೇಕು.