ಕೆಸರು ತಿದ್ದಿದ ಪೆಡಲ್, ಕಲ್ಲು ತಿದ್ದಿದ ಬೂಟು

ಮೌಂಟನ್ ಬೈಕಿನಲ್ಲಿ ಕಾಲಿಗೆ ಸಂಬಂಧಪಟ್ಟ ಸಾಮಾನುಗಳಲ್ಲಿ ಹೆಚ್ಚಿನವು ಅದಕ್ಕೆಂದೇ ಹುಟ್ಟಿದವಲ್ಲ. ಒಂದು ಹುಡುಗರ ಬಿಎಂಎಕ್ಸ್ ಸೈಕಲ್ಲಿನಿಂದ ಬಂತು, ಇನ್ನೊಂದು ಹಿಮದ ಮೇಲೆ ಜಾರುವ ಸ್ಕೀಯಿಂದ, ಮತ್ತೊಂದು ಬಂಡೆ ಹತ್ತುವವರ ಬೂಟಿನಿಂದ. ಪವರ್ ಮೀಟರ್ ಬಂದದ್ದು ಟಾರು ರಸ್ತೆಯ ರೇಸಿನಿಂದ. ಎರವಲು ಬಂದ ಇವೆಲ್ಲವನ್ನೂ ತಿದ್ದಿ ತನ್ನದಾಗಿಸಿಕೊಂಡದ್ದು ಬೆಟ್ಟದ ಹಾದಿ. ಇವತ್ತು ಅಂಗಡಿಯಲ್ಲಿ ನಿಂತು ಯಾವುದನ್ನು ಕೊಳ್ಳಲಿ ಎಂದು ತಲೆ ಕೆಡಿಸಿಕೊಳ್ಳುವವರಿಗೆ ಈ ತಿದ್ದುಪಡಿಯ ಕಥೆ ಕಂಪನಿಗಳ ಕರಪತ್ರಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

1976ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ‘ರೀಪ್ಯಾಕ್’ ಎಂಬ ಇಳಿಜಾರಿನ ರೇಸ್ ಶುರುವಾಯಿತು. ಜೋ ಬ್ರೀಜ್, ಗ್ಯಾರಿ ಫಿಷರ್, ಚಾರ್ಲಿ ಕೆಲ್ಲಿ ಮುಂತಾದ ಹುಡುಗರು ಹಳೆಯ ದಪ್ಪ ಟಯರಿನ ಶ್ವಿನ್ ಸೈಕಲ್ಲುಗಳನ್ನು ಬೆಟ್ಟದಿಂದ ಕೆಳಕ್ಕೆ ಬಿಡುತ್ತಿದ್ದರು. ಮುಂದೆ ಅಂಥ ಸೈಕಲ್ಲುಗಳಿಗೆ ಬಿಎಂಎಕ್ಸ್‌ನಿಂದ ಹಲ್ಲು ಹಲ್ಲಾದ ಅಂಚಿನ ಅಗಲ ಪೆಡಲ್‌ಗಳು ಬಂದವು. ಆ ಹಲ್ಲು ಬೂಟನ್ನು ಹಿಡಿಯುತ್ತಿತ್ತು, ಕಾಲು ಜಾರಿದರೆ ಕಣಕಾಲಿನ ಚರ್ಮವನ್ನೂ ಕೀಳುತ್ತಿತ್ತು. ಏರು ಹತ್ತುವಾಗ ಹಿಡಿತ ಬೇಕೆಂದವರು ರಸ್ತೆ ಸೈಕಲ್ಲಿನ ಟೋ ಕ್ಲಿಪ್ ಹಾಕಿ ಬೆಲ್ಟ್ ಬಿಗಿದುಕೊಂಡರು. ಬೆಟ್ಟದಲ್ಲಿ ಕಾಲು ಕಟ್ಟಿಕೊಂಡು ಬೀಳುವುದೆಂದರೆ ಏನೆಂದು ಅವರಿಗೆ ಬೇಗ ಗೊತ್ತಾಯಿತು.

ಅಷ್ಟರಲ್ಲಿ ಫ್ರಾನ್ಸಿನಲ್ಲಿ ಸ್ಕೀ ಬೈಂಡಿಂಗ್ ಮಾಡುತ್ತಿದ್ದ ಲುಕ್ ಕಂಪನಿ ಅದೇ ತಂತ್ರವನ್ನು ಪೆಡಲ್ಲಿಗೆ ತಂದಿತ್ತು: ಒತ್ತಿದರೆ ಕಚ್ಚಿಕೊಳ್ಳಬೇಕು, ಹಿಮ್ಮಡಿ ತಿರುಗಿಸಿದರೆ ಬಿಡಬೇಕು. ಬರ್ನಾರ್ಡ್ ಇನೋ 1985ರ ಟೂರ್ ಡಿ ಫ್ರಾನ್ಸ್ ಗೆದ್ದದ್ದು ಈ ಪೆಡಲ್ ತುಳಿದೇ. ಆದರೆ ಪೆಡಲ್ ಕಚ್ಚಿ ಹಿಡಿಯುವ ಅದರ ಕ್ಲೀಟ್ ದೊಡ್ಡ ಪ್ಲಾಸ್ಟಿಕ್ ತುಂಡು. ಬೂಟಿನಡಿ ಎದ್ದು ನಿಲ್ಲುವ ಅದನ್ನು ಹಾಕಿಕೊಂಡು ನಡೆದರೆ ಬಾತುಕೋಳಿಯ ನಡಿಗೆ. ಸೈಕಲ್ ಹೊತ್ತು ಬಂಡೆ ದಾಟಬೇಕಾದ ಕಡೆ ಅದು ನಡೆಯುವ ಮಾತಲ್ಲ.

1990ರಲ್ಲಿ ಶಿಮಾನೊ ಕಂಪನಿ ಎಸ್‌ಪಿಡಿ ಪೆಡಲ್ ತಂದಿತು. ಕ್ಲೀಟನ್ನು ಹೆಬ್ಬೆರಳಗಲದ ಲೋಹದ ತುಂಡಾಗಿ ಕಿರಿದುಗೊಳಿಸಿ, ಎರಡೇ ಸ್ಕ್ರೂಗಳಿಂದ ಅಟ್ಟೆಯ ಗುಳಿಯೊಳಗೆ ಕೂರಿಸಿತು. ಸುತ್ತಲಿನ ರಬ್ಬರ್ ಗುಬುಟುಗಳು ಅದಕ್ಕಿಂತ ಎತ್ತರವಿದ್ದುದರಿಂದ ನಡೆಯುವಾಗ ನೆಲಕ್ಕೆ ತಾಗುವುದು ರಬ್ಬರ್, ಲೋಹವಲ್ಲ. ಪೆಡಲ್ಲಿನ ಎರಡು ಮುಖಕ್ಕೂ ಕಚ್ಚುವ ಬಾಯಿ ಇತ್ತು, ಹಾಗಾಗಿ ಬಗ್ಗಿ ನೋಡಿ ತಿರುಗಿಸಿಕೊಳ್ಳುವ ಕಾಟವಿಲ್ಲ. ಮೌಂಟನ್ ಬೈಕಿನ ಮೊದಲ ಯುಸಿಐ ವಿಶ್ವ ಚಾಂಪಿಯನ್‌ಷಿಪ್ ಕೊಲೊರಾಡೋದ ಡ್ಯುರಾಂಗೊದಲ್ಲಿ ನಡೆದದ್ದೂ ಅದೇ ವರ್ಷ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಅತಿ ಜಾಣ ಕೆಲಸ ಅಟ್ಟೆಯ ಆ ಗುಳಿ. ಇಂದಿಗೂ ಹೆಚ್ಚುಕಡಿಮೆ ಎಲ್ಲ ಕಂಪನಿಯ ಮೌಂಟನ್ ಬೂಟುಗಳಲ್ಲೂ ಅದೇ ಎರಡು ಸ್ಕ್ರೂ ಜಾಗವಿದೆ.

ಎಸ್‌ಪಿಡಿಗೆ ಸವಾಲಾದದ್ದು ಕೆಸರು. ಸ್ಪ್ರಿಂಗ್ ಬಾಯಿಗೆ ಮಣ್ಣು ಮೆತ್ತಿದರೆ ಕ್ಲೀಟ್ ಕೂರುವುದಿಲ್ಲ. ಫ್ರಾನ್ಸಿನ ಟೈಮ್ ಕಂಪನಿಯ ಅಟ್ಯಾಕ್, ಆಮೇಲೆ ಕ್ರ್ಯಾಂಕ್‌ಬ್ರದರ್ಸ್‌ನ ಎಗ್‌ಬೀಟರ್ ಈ ಸಮಸ್ಯೆಯನ್ನೇ ಹಿಡಿದು ಹೊರಟವು. ಎಗ್‌ಬೀಟರ್‌ನಲ್ಲಿ ಪೆಡಲ್ಲೆಂದು ಹೇಳುವಂಥದ್ದೇ ಇಲ್ಲ. ನಾಲ್ಕು ಕಡೆಗೂ ತೆರೆದ ತಂತಿಯ ರೆಕ್ಕೆಗಳಷ್ಟೇ, ಮಣ್ಣು ನಿಲ್ಲಲು ಜಾಗವಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕೆಮ್ಮಣ್ಣಿನ ಹಾದಿ ತುಳಿಯುವವರು ಇದನ್ನು ಯೋಚಿಸಬಹುದು. ಉಳಿದವರಿಗೆ ಎಸ್‌ಪಿಡಿಯೇ ಸಾಕು. ಹೊಸಬರು ಒಂದೇ ದಿಕ್ಕಿಗೆ ಬಿಡುವ ಎಸ್‌ಎಚ್51ರ ಬದಲು ಹಲವು ದಿಕ್ಕಿಗೆ ಬಿಡುವ ಎಸ್‌ಎಚ್56 ಕ್ಲೀಟ್ ಹಾಕಿಸಿ, ಸ್ಪ್ರಿಂಗನ್ನು ಪೂರ್ತಿ ಸಡಿಲ ಮಾಡಿಕೊಂಡು ಶುರುಮಾಡಲಿ.

ಕಾಲು ಕಟ್ಟಿಕೊಳ್ಳದವರ ಪಂಥವೇನೂ ಸೋಲಲಿಲ್ಲ. ಚಾರ್ಲ್ಸ್ ಕೋಲ್ 1985ರಲ್ಲಿ ಬಂಡೆ ಹತ್ತುವವರಿಗೆಂದು ಶುರುಮಾಡಿದ ಫೈವ್ ಟೆನ್ ಕಂಪನಿಯ ಅಂಟುವ ರಬ್ಬರ್ ಸೈಕಲ್ ಬೂಟಿಗೂ ಬಂತು. ಅದಕ್ಕೆ ಮೊನಚು ಪಿನ್ನುಗಳ ಚಪ್ಪಟೆ ಪೆಡಲ್ ಜೊತೆಯಾದರೆ ಕಾಲು ಸುಲಭಕ್ಕೆ ಜಾರದು. ಆಸ್ಟ್ರೇಲಿಯಾದ ಸ್ಯಾಮ್ ಹಿಲ್ ಇಂಥ ಪೆಡಲ್ ಮೇಲೆ 2006, 2007 ಮತ್ತು 2010ರಲ್ಲಿ ಡೌನ್‌ಹಿಲ್ ವಿಶ್ವ ಚಾಂಪಿಯನ್ ಆದರು. ಬಳಿಕ 2017ರಿಂದ 2019ರವರೆಗೆ ಎಂಡ್ಯೂರೊ ವಿಶ್ವ ಸರಣಿಯನ್ನೂ ಸತತ ಮೂರು ಸಲ ಗೆದ್ದರು. ಕ್ಲೀಟ್ ಹಾಕಿದರೆ ಕಾಲನ್ನು ಮೇಲಕ್ಕೂ ಎಳೆದು ಶಕ್ತಿ ಗಳಿಸಬಹುದೆಂಬ ಹಳೆಯ ವಾದಕ್ಕೆ ಪ್ರಯೋಗಾಲಯದ ಬೆಂಬಲ ಕಡಿಮೆ. ಬೇಕೆಂದೇ ಎಳೆದು ತುಳಿದರೆ ದೇಹ ಅಷ್ಟೇ ಕೆಲಸಕ್ಕೆ ಹೆಚ್ಚು ದಣಿಯುತ್ತದೆ. ಕ್ಲೀಟಿನ ನಿಜವಾದ ಲಾಭ ಕುಲುಕಾಟದಲ್ಲೂ ಕಾಲು ಇದ್ದಲ್ಲೇ ಇರುವುದು.

ಬೂಟಿನ ವಿಚಾರದಲ್ಲಿ ಗಟ್ಟಿ ಅಟ್ಟೆಯ ಮೋಹ ಬೇಡ. ಕಾರ್ಬನ್ ಅಟ್ಟೆ ರೇಸಿಗೆ ಸರಿ. ಇಳಿದು ತಳ್ಳುವ ಹಾದಿಯಲ್ಲಿ ಮುಂಗಾಲು ಸ್ವಲ್ಪವಾದರೂ ಬಾಗಬೇಕು. ಕ್ಲೀಟ್ ಕೂರಿಸುವಾಗ ಬೂಟು ಹಾಕಿಯೇ ಹೆಬ್ಬೆರಳ ಬುಡದ ಉಬ್ಬನ್ನು ಹೊರಗಿನಿಂದ ಮುಟ್ಟಿ ಗುರುತು ಮಾಡಿ. ಕ್ಲೀಟಿನ ನಡು ಆ ಗೆರೆಗಿಂತ ತುಸು ಹಿಂದಿರಲಿ, ಇಳಿಜಾರೇ ಹೆಚ್ಚೆನ್ನುವವರಿಗೆ ಇನ್ನೂ ಹಿಂದೆ. ಸ್ಕ್ರೂಗೆ ಒಂದು ತೊಟ್ಟು ಗ್ರೀಸ್ ಹಚ್ಚಿ ಬಿಗಿಯಿರಿ, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಕೂರುತ್ತದೆ. ಎರಡು ರೈಡ್ ಕಳೆದ ಮೇಲೆ ಮತ್ತೊಮ್ಮೆ ಬಿಗಿಯಿರಿ. ಸಡಿಲವಾದ ಕ್ಲೀಟ್ ಪೆಡಲ್ ಬಾಯಲ್ಲೇ ಸುತ್ತುತ್ತದೆ, ಕಾಲು ಹೊರಬರುವುದಿಲ್ಲ.

ಇನ್ನು ಪವರ್ ಮೀಟರ್. ಜರ್ಮನಿಯ ಉಲ್ರಿಕ್ ಶೋಬರರ್ 1986ರಲ್ಲಿ ಎಸ್‌ಆರ್‌ಎಂ ಶುರುಮಾಡಿ, ಪೆಡಲ್ ಹಿಡಿದಿರುವ ಕ್ರ್ಯಾಂಕಿನೊಳಗೆ ಸ್ಟ್ರೇನ್ ಗೇಜ್ ಅಂಟಿಸಿ ತುಳಿತವನ್ನು ಅಳೆದರು. ಲೋಹ ಕಣ್ಣಿಗೆ ಕಾಣದಷ್ಟು ಬಾಗಿದಾಗ ಗೇಜಿನ ವಿದ್ಯುತ್ ರೋಧ ಬದಲಾಗುತ್ತದೆ. ಅದರಿಂದ ತಿಳಿದ ತುಳಿತದ ಬಲವನ್ನು ಪೆಡಲ್ ತಿರುಗುವ ವೇಗದಿಂದ ಗುಣಿಸಿದರೆ ವ್ಯಾಟ್. 170 ಮಿ.ಮೀ. ಕ್ರ್ಯಾಂಕನ್ನು ನಿಮಿಷಕ್ಕೆ 90 ಸುತ್ತು ತಿರುಗಿಸಿ 200 ವ್ಯಾಟ್ ಕೊಡಬೇಕಾದರೆ ತಿರುಗಿಸುವ ಬಲ ಸರಾಸರಿ 125 ನ್ಯೂಟನ್, ಅಂದರೆ ಹದಿಮೂರು ಕಿಲೋ ತೂಕದ ಹತ್ತಿರ. ಬಹುಕಾಲ ಇದು ಸಿರಿವಂತ ತಂಡಗಳ ಸೊತ್ತಾಗಿತ್ತು. 2012ರಲ್ಲಿ ಸ್ಟೇಜಸ್ ಕಂಪನಿ ಎಡ ಕ್ರ್ಯಾಂಕಿಗಷ್ಟೇ ಗೇಜ್ ಅಂಟಿಸಿ, ಬಂದ ಅಂಕಿಯನ್ನು ಎರಡರಿಂದ ಗುಣಿಸಿ ಬೆಲೆ ಇಳಿಸಿತು. ನಿಮ್ಮ ಎಡಗಾಲಿನ ಪಾಲು ನೂರಕ್ಕೆ 48 ಇದ್ದರೆ 200 ವ್ಯಾಟ್ 192 ಎಂದು ಕಾಣುತ್ತದೆ. ದಿನವೂ ಅದೇ ತಪ್ಪು ಇರುವವರೆಗೆ ಅಭ್ಯಾಸಕ್ಕೇನೂ ತೊಂದರೆಯಿಲ್ಲ.

ಎಸ್‌ಪಿಡಿ ಪೆಡಲ್ಲಿನೊಳಗೇ ಅಳೆಯುವ ಗಾರ್ಮಿನ್ ರ್‍ಯಾಲಿ 2021ರಲ್ಲಿ, ಫವೆರೊದ ಅಸಿಯೋಮಾ ಪ್ರೊ ಎಂಎಕ್ಸ್ 2024ರಲ್ಲಿ ಬಂದವು. ಒಂದು ಸೈಕಲ್ಲಿನಿಂದ ಬಿಚ್ಚಿ ಇನ್ನೊಂದಕ್ಕೆ ಹಾಕುವ ಸೌಕರ್ಯ ದೊಡ್ಡದು. ಆದರೆ ತುಳಿಯುವಾಗ ಸೈಕಲ್ಲಿನಲ್ಲಿ ಗಾಲಿ ಬಿಟ್ಟರೆ ನೆಲಕ್ಕೆ ಅತಿ ಹತ್ತಿರ ಇಳಿಯುವ ಭಾಗ ಪೆಡಲ್. ಬೆಂಗಳೂರಿನ ತುರಹಳ್ಳಿಯ ಬಂಡೆಗಳ ನಡುವೆ ಒಮ್ಮೆ ತುಳಿದವರಿಗೂ ಪೆಡಲ್ ಕಲ್ಲಿಗೆ ಬಡಿಯುವ ಸದ್ದು ಗೊತ್ತು. ಅತಿ ದುಬಾರಿ ಸಾಮಾನನ್ನು ಅತಿ ಹೆಚ್ಚು ಏಟು ಬೀಳುವ ಜಾಗದಲ್ಲಿಡುವುದು ನನಗೆ ಒಪ್ಪಿಗೆಯಿಲ್ಲ. ಕಲ್ಲಿನ ಹಾದಿಯವರು ಕ್ರ್ಯಾಂಕ್ ಅಥವಾ ಅದಕ್ಕೆ ಹಲ್ಲುಚಕ್ರ ಹಿಡಿಸುವ ಸ್ಪೈಡರ್‌ನಲ್ಲಿರುವ ಮೀಟರನ್ನೇ ನೋಡಲಿ.

ಹಾಗೆ ನೋಡಿದರೆ ಕಾಡುಹಾದಿಯಲ್ಲಿ ವ್ಯಾಟ್ ಒಂದೆಡೆ ನಿಲ್ಲುವುದೇ ಇಲ್ಲ: ತಿರುವಿನಲ್ಲಿ ಸೊನ್ನೆ, ಮರುಗಳಿಗೆಗೆ ಐನೂರು. ಅದು ಕೆಲಸಕ್ಕೆ ಬರುವುದು ಉದ್ದದ ಏರಿನಲ್ಲಿ ಮತ್ತು ಮನೆಗೆ ಬಂದು ಲೆಕ್ಕ ನೋಡುವಾಗ. ಆದ್ದರಿಂದ ದುಡ್ಡು ಮೊದಲು ಕಾಲಿಗೆ ಸರಿಹೊಂದುವ ಬೂಟಿಗೆ ಹೋಗಲಿ, ಆಮೇಲೆ ಪೆಡಲ್ಲಿಗೆ. ರೇಸಿಗೆ ಇಳಿಯುವ ಯೋಚನೆ ಇಲ್ಲದವರು ಪವರ್ ಮೀಟರ್ ಬಿಟ್ಟು ಎದೆಗೆ ಕಟ್ಟುವ ಹೃದಯಬಡಿತದ ಬೆಲ್ಟ್ ಕೊಂಡರೆ ಸಾಕು.